ಸೆಟ್ಟಿನ ಹಿಂಬದಿಯಲ್ಲಿ ಸಿಗುವ ಸಿನಿಮಾ ವಿದ್ಯೆ

ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿ ಇಂದು ಮೊಬೈಲ್ ಕ್ಯಾಮೆರಾ ಇದೆ, ಕಿರುಚಿತ್ರ ಮಾಡುವ ಹಂಬಲವೂ ಇದೆ. ಆದರೆ ಚಿತ್ರೀಕರಣದ ಸ್ಟುಡಿಯೊ ಮಾತ್ರ ಅವರಿಗೆ ಬಲು ದೂರದ್ದು. ಬೆಂಗಳೂರಿನ ಕಂಠೀರವ ಸ್ಟುಡಿಯೊ ಆಗಲಿ, ಹೈದರಾಬಾದಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಾಗಲಿ, ಹೆಚ್ಚೆಂದರೆ ಶೈಕ್ಷಣಿಕ ಪ್ರವಾಸದ ಒಂದು ದಿನದ ನೋಟವಾಗಿ ಒದಗುತ್ತದೆ. ಆ ಒಂದು ದಿನವನ್ನು ಅರಮನೆಯ ಸೆಟ್ಟಿನ ಎದುರು ಫೋಟೊ ತೆಗೆಸಿಕೊಳ್ಳುವುದರಲ್ಲೇ ಕಳೆಯದೆ, ಅದೇ ಸೆಟ್ಟಿನ ಬೆನ್ನ ಹಿಂದೆ ಹೋಗಿ ನೋಡಿದ ವಿದ್ಯಾರ್ಥಿಗೆ ಊರಿಗೆ ಮರಳಿದ ಮೇಲೂ ಕೆಲಸಕ್ಕೆ ಬರುವ ವಿದ್ಯೆ ದಕ್ಕುತ್ತದೆ.

ಸ್ಟುಡಿಯೊ ಎಂದರೆ ಬೆಳಕು, ಸದ್ದು, ಸ್ಥಳ ಈ ಮೂರನ್ನೂ ಹತೋಟಿಗೆ ತಂದುಕೊಳ್ಳಲು ಕಟ್ಟಿದ ಆವರಣ. ಕನ್ನಡಕ್ಕೆ ಇದು ಬಹುಕಾಲ ಸ್ವಂತದ್ದಾಗಿರಲಿಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ ತಯಾರಾಯಿತು, ಮುಂದಿನ ದಶಕಗಳ ಚಿತ್ರಗಳು ಹೆಚ್ಚಾಗಿ ಮದರಾಸನ್ನು ನೆಚ್ಚಿಕೊಂಡವು. ಮೈಸೂರಿನ ಪ್ರೀಮಿಯರ್ ಸ್ಟುಡಿಯೊ, 1966ರಲ್ಲಿ ಸ್ಥಾಪನೆಯಾದ ಕಂಠೀರವ ಸ್ಟುಡಿಯೊ ಮೊದಲಾದವು ಈ ಕೊರತೆಯನ್ನು ಒಂದಿಷ್ಟು ನೀಗಿದವು. ಕಂಠೀರವದ ಆವರಣದಲ್ಲಿರುವ ರಾಜ್‌ಕುಮಾರ್ ಅವರ ಸಮಾಧಿಗೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಲ್ಲೇ ಪಕ್ಕದಲ್ಲಿರುವ ಚಿತ್ರೀಕರಣದ ಕಟ್ಟಡಗಳತ್ತ ಗಮನ ಹರಿಸುವವರು ಕಡಿಮೆ.

ಒಳಾಂಗಣ ಚಿತ್ರೀಕರಣ ನಡೆಯುವ, ಎತ್ತರದ ಸೂರಿನ ವಿಶಾಲ ಕೋಣೆಗೆ ‘ಫ್ಲೋರ್’ ಎನ್ನುತ್ತಾರೆ. ಅದರೊಳಗೆ ನಿಲ್ಲಿಸಿದ ಮನೆಗೆ ಸಾಮಾನ್ಯವಾಗಿ ಮೂರೇ ಗೋಡೆ, ನಾಲ್ಕನೆಯದು ಇರಬೇಕಾದ ಕಡೆ ಕ್ಯಾಮೆರಾ ಇರುತ್ತದೆ. ಮುಂಬದಿಯಲ್ಲಿ ಸುಣ್ಣ ಬಳಿದ ಹಳೆಯ ಗೋಡೆಯಂತೆ ಕಾಣುವುದು ಹಿಂಬದಿಯಲ್ಲಿ ಮರದ ಚೌಕಟ್ಟಿಗೆ ಮೊಳೆ ಹೊಡೆದ ಪ್ಲೈವುಡ್ ಹಲಗೆ, ಅದು ಬೀಳದಂತೆ ಓರೆಯಾಗಿ ಕೊಟ್ಟ ಊರುಗೋಲು, ಎಲ್ಲೋ ಒಂದು ಮೂಲೆಯಲ್ಲಿ ಬಣ್ಣದವರು ಕುಂಚ ಒರೆಸಿದ ಗುರುತು. ಕ್ಯಾಮೆರಾಕ್ಕೆ ಕಾಣುವಷ್ಟನ್ನೇ ಕಟ್ಟಿದರೆ ಸಾಕು ಎಂಬ ಈ ಲೆಕ್ಕಾಚಾರವನ್ನು ಅರಿತ ವಿದ್ಯಾರ್ಥಿ, ಕಾಗಿನೆಲೆಯ ಒಂದು ಮನೆಯ ಪಡಸಾಲೆಯ ಮೂಲೆಯನ್ನಷ್ಟೇ ಅಣಿಗೊಳಿಸಿ, ಕ್ಯಾಮೆರಾವನ್ನು ಬಾಗಿಲಾಚೆ ಇಟ್ಟು, ಅದೇ ಮನೆಯಲ್ಲಿ ಎರಡು ಕುಟುಂಬಗಳ ಕಥೆ ಹೇಳಬಲ್ಲ.

ಬೆಳಕಿನ ವಿಷಯದಲ್ಲಿ ಕನ್ನಡಿಗರಿಗೆ ಹತ್ತಿರದ ಗುರುವೊಬ್ಬರಿದ್ದಾರೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೊದೊಳಗೆ ಓರೆಯಾಗಿ ಇಳಿಯುವ ಬೆಳಕಿನ ಕೋಲನ್ನು ಮೂಡಿಸಿದ್ದು ಎರಡು ದೊಡ್ಡ ಕನ್ನಡಿಗಳಿಂದ. ಹೊರಗಿನ ಕನ್ನಡಿ ಬಿಸಿಲನ್ನು ಹಿಡಿದು ಎರಡನೆಯದಕ್ಕೆ ದಾಟಿಸಿತು, ಅದು ಒಳಕ್ಕೆ ಎಸೆಯಿತು. ಗಾಳಿಯಲ್ಲಿ ದೂಳೋ ಹೊಗೆಯೋ ಇದ್ದರಷ್ಟೇ ಬೆಳಕಿನ ಕೋಲು ಕಣ್ಣಿಗೆ ಕಾಣುತ್ತದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಯ ಬೆಳಕಿಂಡಿ, ಒಂದು ಕಪಾಟಿನ ಕನ್ನಡಿ, ಒಂದಿಷ್ಟು ಲೋಬಾನದ ಹೊಗೆ ಇದ್ದರೆ ಅದೇ ಪ್ರಯೋಗ ಇಲ್ಲಿಯೂ ಸಾಧ್ಯ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೆನಿಸಿದ ಮೂರ್ತಿಯವರ ಕೆಲಸವನ್ನು ನಮ್ಮ ಕಾಲೇಜುಗಳಲ್ಲಿ ತೋರಿಸದಿರುವುದು ದೊಡ್ಡ ನಷ್ಟವೇ ಸರಿ.

ಸದ್ದನ್ನು ಹತೋಟಿಗೆ ತರುವುದು ಇನ್ನೂ ಕಷ್ಟ. ತಗಡಿನ ಸೂರಿನ ಕೋಣೆಯಲ್ಲಿ ಮಾತು ಪ್ರತಿಧ್ವನಿಸುತ್ತದೆ. ಸ್ಟುಡಿಯೊಗಳಲ್ಲಿ ಗೋಡೆಗೆ ಸದ್ದು ಹೀರುವ ಹೊದಿಕೆ ಇರುವುದು ಇದೇ ಕಾರಣಕ್ಕೆ, ಮತ್ತು ಮನೆಯ ನಾಲ್ಕು ಕೌದಿಗಳನ್ನು ಸುತ್ತ ಇಳಿಬಿಟ್ಟರೆ ಆ ಕೆಲಸ ತಕ್ಕಮಟ್ಟಿಗೆ ಆಗುತ್ತದೆ. ಆದರೆ ಬಟ್ಟೆ, ಗೋಣಿತಟ್ಟು, ಬಿಸಿಯೇರಿದ ದೀಪ, ಸಡಿಲ ತಂತಿ ಒಂದೆಡೆ ಸೇರಿದರೆ ಏನಾಗಬಹುದೆಂಬುದನ್ನು ಮೈಸೂರು ಕಂಡಿದೆ: 1989ರ ಫೆಬ್ರುವರಿಯಲ್ಲಿ ಟಿಪ್ಪು ಸುಲ್ತಾನನ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಪ್ರೀಮಿಯರ್ ಸ್ಟುಡಿಯೊದಲ್ಲಿ ಎದ್ದ ಬೆಂಕಿಗೆ 60ಕ್ಕೂ ಹೆಚ್ಚು ಮಂದಿ ಬಲಿಯಾದರು. ಆದ್ದರಿಂದ ಯಾವ ಸ್ಟುಡಿಯೊಕ್ಕೆ ಹೋದರೂ ವಿದ್ಯಾರ್ಥಿ ಮೊದಲು ಗುರುತಿಸಬೇಕಾದದ್ದು ಹೊರಬಾಗಿಲುಗಳನ್ನು, ಊರಿನ ಚಿತ್ರೀಕರಣದಲ್ಲಿ ಮೊದಲು ತೆರೆದಿಡಬೇಕಾದದ್ದೂ ಅವನ್ನೇ.

ಸ್ಟುಡಿಯೊದಲ್ಲಿ ಕಲಿತದ್ದನ್ನು ಬಯಲಿಗೆ ಒಯ್ಯುವ ದಾರಿಯನ್ನೂ ಕನ್ನಡವೇ ತೋರಿಸಿದೆ. 1970ರ ‘ಸಂಸ್ಕಾರ’ ಶೃಂಗೇರಿ ಬಳಿಯ ವೈಕುಂಠಪುರದ ಅಗ್ರಹಾರದಲ್ಲಿ ಚಿತ್ರಿತವಾಯಿತು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ಗಾಗಿ ಆಗುಂಬೆಯನ್ನೇ ಸೆಟ್ಟಾಗಿಸಿಕೊಂಡರು. ಆ ದೃಷ್ಟಿಯಿಂದ ನೋಡಿದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗಿಂತ ಸಮೃದ್ಧವಾದ ಸ್ಥಳ ಈ ಭಾಗದಲ್ಲಿ ಇನ್ನೊಂದಿಲ್ಲ. ಹಂಗಾಮಿನಲ್ಲಿ ರಾಶಿ ಬಿದ್ದ ಕಾಯಿಯ ಕಡುಗೆಂಪು, ಬಿಸಿಲು ಬಿದ್ದಾಗ ಪಕ್ಕದಲ್ಲಿ ನಿಂತ ಹಮಾಲರ ಗದ್ದದ ಕೆಳಗೂ ಹರಡುತ್ತದೆ. ಮುಖದ ಸಹಜ ಬಣ್ಣ ಬೇಕೆನ್ನುವವರು ರಾಶಿಯ ಮುಂದೆ ಬಿಳಿಯ ಥರ್ಮೊಕೋಲ್ ಹಲಗೆ ಹಿಡಿಯಬೇಕು, ಕೆಂಪೇ ಬೇಕೆನ್ನುವವರು ಹಲಗೆಯನ್ನು ಪಕ್ಕಕ್ಕಿಟ್ಟು, ಘಾಟಿಗೆ ಮೂಗು ಮುಚ್ಚಿಕೊಂಡು ಕ್ಯಾಮೆರಾವನ್ನು ಇನ್ನಷ್ಟು ಕೆಳಗಿಳಿಸಬೇಕು.