ಕಲ್ಲಿನ ಅಕ್ಷರಕ್ಕೆ ಓರೆಬಿಸಿಲು

ಹಿಂದೂಪುರದಿಂದ 15 ಕಿ.ಮೀ. ದೂರದ ಲೇಪಾಕ್ಷಿಗೆ ರಜಾದಿನಗಳಲ್ಲಿ ಬರುವವರು ಹೆಚ್ಚಾಗಿ ನಡುಹಗಲಿನಲ್ಲಿಯೇ ಬಸವಣ್ಣನ ಮುಂದೆ ನಿಂತು ಮೊಬೈಲ್ ಎತ್ತುತ್ತಾರೆ. ಸುಮಾರು 27 ಅಡಿ ಉದ್ದದ ಆ ಏಕಶಿಲಾ ನಂದಿಯ ಬೆನ್ನು ಚಿತ್ರದಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿ, ಕೊರಳಿನ ಗಂಟೆಸರ ಕತ್ತಲೆಯಲ್ಲಿ ಮುಳುಗಿಹೋಗುತ್ತದೆ. ದೋಷ ಮೊಬೈಲಿನದಲ್ಲ, ಹೊತ್ತಿನದು. ಬೆಳಗಿನ ಅಥವಾ ಸಂಜೆಯ ಎಳೆಬಿಸಿಲಿಗೆ ಬಂದವನ ಸಾಧಾರಣ ಮೊಬೈಲಿನಲ್ಲಿಯೂ ಅದೇ ನಂದಿ ಮೈದುಂಬಿ ಮೂಡುತ್ತದೆ.

ನಂದಿಯ ಚಿತ್ರ ಕೆಟ್ಟರೆ ನಷ್ಟವಿಲ್ಲ. ನಾಳೆಯೂ ಅದು ಅಲ್ಲಿಯೇ ಇರುತ್ತದೆ. ಶಾಸನಗಳ ಮಾತು ಬೇರೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಅಂದರೆ ಅಂದಿನ ಹೆಂಜೇರು, ಇರುವುದು ಈ ಸೀಮೆಯಲ್ಲಿಯೇ. ಕಲ್ಯಾಣದುರ್ಗದ ನೆರೆಯ ಕಂಬದೂರಿನಲ್ಲಿಯೂ ಹಳೆಯ ಶಿಲಾದೇಗುಲಗಳಿವೆ. ಅನಂತಪುರ ಸೀಮೆಯ ಕನ್ನಡ ಶಾಸನಗಳನ್ನು ಹಿಂದಿನ ಮದ್ರಾಸು ಪ್ರಾಂತದ ಇತರ ಕನ್ನಡ ಶಾಸನಗಳೊಡನೆ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚುಮಾಡಲಾಗಿದೆ. ಆದರೆ ಹೊಲದ ಬದುವಿನ ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗಿಯೋ ಮನೆಯ ಮೆಟ್ಟಿಲಾಗಿಯೋ ಮಾಯವಾಗಲು ಒಂದು ಹಗಲು ಸಾಕು. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಚರಂಡಿ ಅಗೆಯುವಾಗ ಮೇಲೆ ಬಂದು, ನೋಡಿದವರಿದ್ದುದರಿಂದ ಉಳಿಯಿತು.

ಅಕ್ಷರದ ಆಳ ಅನೇಕ ಕಡೆ ಉಗುರಿನ ದಪ್ಪದಷ್ಟೂ ಇರದು. ಬೆಳಕು ನೇರವಾಗಿ ಬಿದ್ದರೆ ಗೀರಿನಲ್ಲಿ ನೆರಳಿಲ್ಲ, ನೆರಳಿಲ್ಲದಿದ್ದರೆ ಅಕ್ಷರವಿಲ್ಲ. ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು. ಮಲಗಿದ ಕಲ್ಲಿಗೆ ಅದು ಸೂರ್ಯ ಹುಟ್ಟಿದ ಗಳಿಗೆ ಅಥವಾ ಮುಳುಗುವ ಗಳಿಗೆ. ಪೂರ್ವಕ್ಕೆ ಮುಖಮಾಡಿ ನಿಂತ ಕಲ್ಲಿಗಾದರೋ ಬೆಳಗಿನ ಬಿಸಿಲು ನೇರವಾಗಿ ಹೊಡೆಯುವುದರಿಂದ ಪ್ರಯೋಜನವಿಲ್ಲ. ನಡುಹಗಲಿಗೆ ಸ್ವಲ್ಪ ಮೊದಲು, ಬಿಸಿಲು ಅದನ್ನು ಬಿಟ್ಟುಹೋಗುವ ಹೊತ್ತಿಗೆ ಕಾದಿರಬೇಕು. ಸದಾ ನೆರಳಿನಲ್ಲಿರುವ ಗೋಡೆಗೆ ಮನೆಯ ಕನ್ನಡಿಯೊಂದು ಸಾಕು: ದೂರದಲ್ಲಿ ಒಬ್ಬರು ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಬಹುದು. ಕತ್ತಲಾದ ಮೇಲೆ ಎರಡನೆಯ ಮೊಬೈಲಿನ ಟಾರ್ಚನ್ನು ಕಲ್ಲಿಗೆ ತಾಗುವಂತೆ ಓರೆಯಾಗಿ ಹಿಡಿದರೂ ಆಗುತ್ತದೆ. ಮೊಬೈಲಿನ ಸ್ವಂತ ಫ್ಲ್ಯಾಷ್ ಮಾತ್ರ ಬೇಡ. ಅದು ಎದುರಿನಿಂದಲೇ ಬೀಳುವ ಬೆಳಕು.

ಉಳಿದುದೆಲ್ಲ ಸುಲಭ. ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬೆರಳಿನ ಜಿಡ್ಡಿನಿಂದಲೂ ಚಿತ್ರ ಮಸುಕಾಗುತ್ತದೆ. ಮೊಬೈಲ್ ಕಲ್ಲಿಗೆ ಸಮಾನಾಂತರವಾಗಿರಬೇಕು. ಜೂಮ್ ಎಳೆಯುವ ಬದಲು ಹತ್ತಿರ ಹೋಗಬೇಕು. ಮೊದಲು ಇಡೀ ಕಲ್ಲು, ಬಳಿಕ ಒಂದರ ಅಂಚು ಇನ್ನೊಂದರಲ್ಲಿ ಸೇರುವಂತೆ ನಾಲ್ಕೈದು ತುಂಡುಗಳು. ಅಕ್ಷರ ಮುಚ್ಚದಂತೆ ಮೂಲೆಯಲ್ಲೊಂದು ಅಳತೆಪಟ್ಟಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಅರಿಶಿನ, ಎಣ್ಣೆ ಬಳಿಯುವುದು ಅಪಚಾರವೇ ಸರಿ: ಬಳಿದವನ ತಪ್ಪೋದು ಮುಂದಿನವನಿಗೆ ಪಾಠವಾಗುತ್ತದೆ. ಲೇಪಾಕ್ಷಿಯ ಮೇಲ್ಛಾವಣಿಯ ವರ್ಣಚಿತ್ರಗಳಿಗೆ ಮೊಬೈಲನ್ನು ನೆಲದ ಮೇಲೆ ಮಲಗಿಸಿ, ಮುಂಬದಿಯ ಕ್ಯಾಮೆರಾವನ್ನು ಹತ್ತು ಸೆಕೆಂಡಿನ ಟೈಮರಿಗೆ ಇಟ್ಟರೆ ಕೈ ನಡುಗುವ ಭಯವಿಲ್ಲ, ಕತ್ತು ನೋಯುವುದೂ ಇಲ್ಲ.

ತೆಗೆದ ಚಿತ್ರವನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗುತ್ತದೆ, ದಿನಾಂಕ ಮತ್ತು ಸ್ಥಳದ ವಿವರಗಳೂ ಕಳಚಿಹೋಗುತ್ತವೆ. 'ಡಾಕ್ಯುಮೆಂಟ್' ಎಂದು ಕಳುಹಿಸಬೇಕು. ಮೂಲ ಕಡತವನ್ನು ತಿದ್ದದೆ ಇಡುವುದಕ್ಕೆ ಇನ್ನೊಂದು ಕಾರಣವಿದೆ. ಸಂರಕ್ಷಿತ ಸ್ಮಾರಕವನ್ನು ಹಾಳುಗೆಡವಿದವನಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು, 2010ರ ತಿದ್ದುಪಡಿಯಂತೆ, ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಅಂಥ ಮೊಕದ್ದಮೆಯಲ್ಲಿ ಚಿತ್ರದ ಮುದ್ರಿತ ಪ್ರತಿ ನಿಲ್ಲಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಕಡತ ಕೈಯಲ್ಲಿದ್ದವನಿಗೆ ಆ ದಾರಿ ಸುಗಮ. ಪಟ್ಟಿಯಲ್ಲಿಲ್ಲದ ಕೆರೆ ಏರಿಯ ವೀರಗಲ್ಲಿಗೆ ಈ ಕಾಯ್ದೆಯ ಆಸರೆಯೂ ಇಲ್ಲ. ಊರು, ಸರ್ವೆ ನಂಬರು, ಕಲ್ಲು ಮುಖಮಾಡಿದ ದಿಕ್ಕು, ತೆಗೆದ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಕೊನೆಯಲ್ಲಿ ಆ ಚೀಟಿಯದೂ ಒಂದು ಚಿತ್ರ ತೆಗೆದಿಡಬೇಕು.