ಮನೆಯ ಕಿರಿಯ ತರ್ಕಶಾಸ್ತ್ರಿಗಳು

ಭಾನುವಾರದ ಬೆಳಗು. ಅಡುಗೆಮನೆಯಲ್ಲಿ ಕಾವಲಿಯ ಮೇಲೆ ದೋಸೆ ಚುರುಗುಟ್ಟುತ್ತಿದೆ. ಏಳು ವರ್ಷದ ಅಕ್ಕನ ತಟ್ಟೆಯಲ್ಲಿ ಎರಡು ದೋಸೆ. ನಾಲ್ಕು ವರ್ಷದ ತಂಗಿಯ ತಟ್ಟೆಯಲ್ಲಿ ಒಂದೇ ಒಂದು. ತಂಗಿಯ ತುಟಿ ಮುಂದೆ ಬಂದಿತು. ಕಣ್ಣಂಚಿನಲ್ಲಿ ನೀರು ನಿಂತಿತು. "ಅವಳಿಗೆ ಎರಡು, ನನಗೆ ಮಾತ್ರ ಒಂದು" ಎಂಬ ದೂರು ಅಜ್ಜಿಯ ನ್ಯಾಯಾಲಯವನ್ನು ಮುಟ್ಟಿತು. ಅಜ್ಜಿ ಮರುಮಾತಾಡದೆ ಕಿರಿಯವಳ ದೋಸೆಯನ್ನು ನಡುವೆ ಹರಿದು ಎರಡು ಮಾಡಿದರು. ಮಗುವಿನ ಮುಖ ಅರಳಿತು. "ಈಗ ಸಮ ಆಯಿತು" ಎಂದು ಗಂಭೀರವಾಗಿ ನುಡಿದು ತಿನ್ನತೊಡಗಿತು.

ಮನೆಮಂದಿಯೆಲ್ಲ ಗೊಳ್ಳೆಂದು ನಕ್ಕರು. ತೀರ್ಪನ್ನು ಒಪ್ಪಿ ಸಂತೋಷದಿಂದಿದ್ದ ಹುಡುಗಿ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು. ತಾನು ಮಾಡಿದ ತಪ್ಪೇನೆಂದು ತಿಳಿಯದೆ ಅಜ್ಜಿಯ ಸೆರಗಿನಲ್ಲಿ ಮುಖ ಮರೆಸಿಕೊಂಡಳು.

ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಇಂತಹ ಪ್ರಸಂಗಗಳು ದಿನಕ್ಕೆ ನಾಲ್ಕಾದರೂ ನಡೆಯುತ್ತವೆ. ಹಾಲಿನ ಲೆಕ್ಕ, ಬಿಲ್ಲಿನ ಲೆಕ್ಕಗಳ ನಡುವೆ ಹಿರಿಯರ ಮುಖದಲ್ಲಿ ನಗು ತರಿಸುವ ಪುಣ್ಯ ಈ ಪುಟ್ಟ ಪುಣ್ಯಾತ್ಮರದೇ. ಆದರೆ ಆ ನಗೆಯ ಹಿಂದೆ ನಿಂತು ಸ್ವಲ್ಪ ಯೋಚಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಮಗು ಹಾಸ್ಯ ಮಾಡಿರುವುದಿಲ್ಲ. ತನ್ನಲ್ಲಿರುವ ಅಲ್ಪ ಬಂಡವಾಳದಿಂದ, ತನ್ನ ಶಕ್ತಿಯಿದ್ದಷ್ಟೂ ಪ್ರಾಮಾಣಿಕವಾಗಿ ವಿಚಾರ ಮಾಡಿರುತ್ತದೆ.

ದೋಸೆಯ ಗಣಿತ

ದೋಸೆ ಹರಿದ ಅಜ್ಜಿಗೆ ತಿಳಿದಿದ್ದ ಈ ಗುಟ್ಟನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ವಿದ್ವಾಂಸ ಶಾಸ್ತ್ರಕ್ಕೆ ತಂದ. 1896ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡ ಈತ ತನ್ನ ಬಾಳಿನ ಬಹುಭಾಗವನ್ನು ಮಕ್ಕಳ ಮಾತು ಕೇಳುವುದರಲ್ಲಿಯೇ ಕಳೆದನೆನ್ನಬಹುದು. ತನ್ನ ಮೂವರು ಮಕ್ಕಳ ತೊಟ್ಟಿಲ ಬಳಿ ಕುಳಿತು ಟಿಪ್ಪಣಿ ಬರೆದುಕೊಂಡ ತಂದೆ ಆತ. 1941ರಲ್ಲಿ ಅಲೀನಾ ಸೆಮಿನ್ಸ್ಕಾ ಎಂಬ ಸಹೋದ್ಯೋಗಿಯೊಡನೆ ಪ್ರಕಟಿಸಿದ ಗ್ರಂಥದಲ್ಲಿ ನೀರಿನ ಪ್ರಯೋಗವೊಂದು ಬರುತ್ತದೆ. ಒಂದೇ ಗಾತ್ರದ ಎರಡು ಲೋಟಗಳಲ್ಲಿ ಸಮನಾಗಿ ನೀರು. ಸಮವೆಂದು ಮಗುವೂ ಒಪ್ಪುತ್ತದೆ. ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಎತ್ತರವಾದ, ಸಪೂರ ಪಾತ್ರೆಗೆ ಸುರಿಯುತ್ತಾರೆ. ಈಗ ಯಾವುದರಲ್ಲಿ ಹೆಚ್ಚು ಎಂದು ಕೇಳಿದರೆ ನಾಲ್ಕೈದು ವರ್ಷದ ಮಗು ನಿಸ್ಸಂಶಯವಾಗಿ ಎತ್ತರದ ಪಾತ್ರೆಯನ್ನು ತೋರಿಸುತ್ತದೆ. ಎತ್ತರವೊಂದೇ ಅದರ ಕಣ್ಣಿಗೆ ಕಾಣುತ್ತದೆ. ಅಗಲ ಕುಗ್ಗಿದುದು ಲೆಕ್ಕಕ್ಕೆ ಬರುವುದಿಲ್ಲ. ಏಳೆಂಟರ ವಯಸ್ಸಿಗೆ ಬಂದ ಮಗು "ಇದೇ ನೀರಲ್ಲವೆ?" ಎಂದು ಕೇಳಿದವರನ್ನೇ ಮರುಕದಿಂದ ನೋಡುತ್ತದೆ.

ಈ ಪ್ರಯೋಗಕ್ಕೆ ಪ್ರಯೋಗಶಾಲೆ ಬೇಡ. ರಾಮನವಮಿಯ ಪಾನಕವನ್ನು ಅಣ್ಣನಿಗೆ ಉದ್ದ ಲೋಟದಲ್ಲಿಯೂ ತಮ್ಮನಿಗೆ ಬಟ್ಟಲಿನಲ್ಲಿಯೂ ಕೊಟ್ಟ ಯಾವ ತಾಯಿಯಾದರೂ ಅದರ ಫಲವನ್ನು ಬಲ್ಲಳು.

ಮುಂದೆ ಬಂದವರು ಪಿಯಾಜೆಯ ಮಾತನ್ನು ಸ್ವಲ್ಪ ತಿದ್ದಿದರು. ಆ ತಿದ್ದುಪಡಿಯೂ ನಗೆ ತರಿಸುವಂತಹುದೇ. ಎಡಿನ್‌ಬರೋ ನಗರದಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬಿಬ್ಬರು ಬಿಲ್ಲೆಗಳ ಎರಡು ಸಾಲುಗಳನ್ನು ಸಮನಾಗಿ ಜೋಡಿಸಿದರು. ದೊಡ್ಡವರೇ ಒಂದು ಸಾಲನ್ನು ಎಳೆದು ಉದ್ದ ಮಾಡಿ ಮತ್ತೆ ಪ್ರಶ್ನೆ ಕೇಳಿದಾಗ ಹೆಚ್ಚಿನ ಮಕ್ಕಳು ತಪ್ಪಿದರು. ಬದಲಾಗಿ ಒಂದು 'ತುಂಟ ಕರಡಿ' ಗೊಂಬೆ ಪೆಟ್ಟಿಗೆಯಿಂದ ಹೊರಬಿದ್ದು ಸಾಲನ್ನು ಕೆಡಿಸಿದಂತೆ ಆಟ ಹೂಡಿದಾಗ ಎಷ್ಟೋ ಹೆಚ್ಚು ಮಕ್ಕಳು ಸರಿಯಾದ ಉತ್ತರ ಕೊಟ್ಟರು. ಇದರ ಅರ್ಥವೇನು? ದೊಡ್ಡವರು ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ತನ್ನ ಮೊದಲ ಉತ್ತರ ಅವರಿಗೆ ಹಿಡಿಸಲಿಲ್ಲವೆಂದು ಮಗು ಎಣಿಸುತ್ತದೆ. ಬಿಲ್ಲೆಗಳಿಗಿಂತ ಹೆಚ್ಚಾಗಿ ಕೇಳುವವರ ಮುಖವನ್ನು ಅದು ಓದುತ್ತಿರುತ್ತದೆ. ದೋಸೆಯ ಹುಡುಗಿ ಸುತ್ತಲಿನ ಮುಖಗಳನ್ನು ಓದಿದುದು ಹಾಗೆಯೇ.

ಪುಟ್ಟ ವೈಯಾಕರಣಿ

"ಚೆಂಡು ಯಾರಿಗೆ ಕೊಟ್ಟೆ?" ಎಂದು ತಾಯಿ ಕೇಳುತ್ತಾಳೆ. "ಅಜ್ಜನಿಗೆ ಕೊಡಿದೆ" ಎನ್ನುತ್ತದೆ ಮೂರು ವರ್ಷದ ಕೂಸು. "ಮಂಚದಿಂದ ಬೀಳಿದೆ" ಎಂದು ಅಳುತ್ತದೆ. "ಲಾಡು ತಿನ್ನಿದೆ" ಎಂದು ಹೊಟ್ಟೆ ತೋರಿಸುತ್ತದೆ. ಮನೆಯಲ್ಲಿ ಯಾರೂ ಕೊಡಿದೆ, ಬೀಳಿದೆ ಎನ್ನುವುದಿಲ್ಲ. ಹಾಗಾದರೆ ಮಗು ಇದನ್ನು ಕಲಿತದ್ದೆಲ್ಲಿ?

ಮಾಡು, ಮಾಡಿದೆ, ಓಡು, ಓಡಿದೆ, ಆಡು, ಆಡಿದೆ. ಇವನ್ನು ಕೇಳಿ ಕೇಳಿ ಕೂಸು ತಾನೇ ಒಂದು ಸೂತ್ರ ರಚಿಸಿಕೊಂಡಿದೆ. ಸೂತ್ರದ ಪ್ರಕಾರ 'ಕೊಡಿದೆ' ಎಂಬುದೇ ಸರಿ. 'ಕೊಟ್ಟೆ' ಎನ್ನುವ ಹಿರಿಯರೇ ನಿಯಮಭಂಗ ಮಾಡುವವರು! ಬಾಯಿಪಾಠದಿಂದಲೇ ಭಾಷೆ ಬರುವುದಾಗಿದ್ದರೆ ಈ ತಪ್ಪು ಹುಟ್ಟುತ್ತಿರಲಿಲ್ಲ.

ಅಮೆರಿಕದ ಜೀನ್ ಬರ್ಕೊ ಎಂಬಾಕೆ 1958ರಲ್ಲಿ ಇದನ್ನು ಬಲು ಸೊಗಸಾಗಿ ತೋರಿಸಿದಳು. ಹಕ್ಕಿಯಂತಹ ಒಂದು ವಿಚಿತ್ರ ಪ್ರಾಣಿಯ ಚಿತ್ರ ಬರೆದು ಅದಕ್ಕೆ 'ವಗ್' ಎಂದು ಹೆಸರಿಟ್ಟಳು. ಅಂತಹ ಶಬ್ದ ಇಂಗ್ಲಿಷಿನಲ್ಲಿಲ್ಲ. ಎರಡು ಪ್ರಾಣಿಗಳ ಚಿತ್ರ ತೋರಿಸಿದಾಗ ಪುಟ್ಟ ಮಕ್ಕಳು ತಡವರಿಸದೆ 'ವಗ್ಸ್' ಎಂದು ಬಹುವಚನ ಮಾಡಿದರು. ಎಂದೂ ಕೇಳದ ಮಾತಿಗೆ ಪ್ರತ್ಯಯ ಹಚ್ಚಬಲ್ಲ ಮಗುವನ್ನು ಗಿಣಿಯೆಂದು ಕರೆಯುವುದು ಹೇಗೆ?

ಇಂತಹ ಮಾತುಗಳನ್ನು ಮುತ್ತಿನಂತೆ ಆಯ್ದು ಪುಸ್ತಕವಾಗಿಸಿದವನು ರಷ್ಯದ ಶಿಶುಸಾಹಿತಿ ಕೊರ್ನೇಯ್ ಚುಕೋವ್ಸ್ಕಿ. 1928ರಲ್ಲಿ ಮೊದಲು ಬಂದ ಆ ಪುಸ್ತಕ 'ಎರಡರಿಂದ ಐದು' ಎಂಬ ಹೆಸರಿನಿಂದ ಮತ್ತೆ ಮತ್ತೆ ಮುದ್ರಣವಾಯಿತು. ಎಷ್ಟೋ ತಾಯ್ತಂದೆಯರು ತಮ್ಮ ಮಕ್ಕಳ ನುಡಿಗಳನ್ನು ಅವನಿಗೆ ಬರೆದು ಕಳಿಸುತ್ತಿದ್ದರು.

ಕನ್ನಡದ ಕೂಸಿಗೆ ಇನ್ನೂ ಒಂದು ತೊಡಕುಂಟು: ನೀನು, ನೀವು. ಬಂದ ಅತಿಥಿಗೆ "ನೀನು ಯಾವಾಗ ಹೋಗ್ತೀಯ?" ಎಂದು ಕೇಳಿ ಮನೆಯವರ ತಲೆ ತಗ್ಗಿಸುವ ಮಗು, ಬಾಗಿಲ ಬಳಿ ಬಂದ ಬೀದಿನಾಯಿಯನ್ನು ಕಂಡು "ನಾಯಿಯವರು ಬಂದಿದ್ದಾರೆ" ಎಂದು ಒಳಗೆ ಓಡಿಬರುತ್ತದೆ. ಬಾಗಿಲಿಗೆ ಬಂದವರಿಗೆಲ್ಲ ಮರ್ಯಾದೆ ಕೊಡಬೇಕೆಂದು ಕಲಿಸಿದವರು ಯಾರು? ಮನೆಯವರೇ ಅಲ್ಲವೆ?

ಉಪ್ಪಿನಕಾಯಿಯ ಗುಟ್ಟು

ಧಾರವಾಡದಿಂದ ತಾತನ ಫೋನು ಬರುತ್ತದೆ. "ಊಟ ಆಯಿತೇನಪ್ಪ?" ಎಂದು ಕೇಳುತ್ತಾರೆ. ಮೊಮ್ಮಗ ಮೌನವಾಗಿ ತಲೆಯಾಡಿಸುತ್ತಾನೆ. "ಹಲೋ, ಹಲೋ" ಎಂದು ತಾತ ಕೂಗಿದಷ್ಟೂ ಇವನು ಜೋರಾಗಿ ತಲೆಯಾಡಿಸುತ್ತಾನೆ. ಕಣ್ಣಾಮುಚ್ಚಾಲೆಯಲ್ಲಿ ಇದೇ ಹುಡುಗ ಕೋಣೆಯ ನಡುವೆ ನಿಂತು ಎರಡು ಕೈಗಳಿಂದ ಕಣ್ಣು ಮುಚ್ಚಿಕೊಂಡು ತಾನು ಅಡಗಿದೆನೆಂದು ನಂಬುತ್ತಾನೆ. ತನಗೆ ಕಂಡದ್ದು ಲೋಕಕ್ಕೆಲ್ಲ ಕಂಡಿದೆ, ತನಗೆ ಕಾಣದ್ದು ಯಾರಿಗೂ ಕಾಣದು ಎಂಬುದು ಆ ವಯಸ್ಸಿನ ನ್ಯಾಯ.

ಇನ್ನೊಬ್ಬರ ತಲೆಯಲ್ಲಿ ತನ್ನದಕ್ಕಿಂತ ಬೇರೆಯಾದ ತಿಳಿವಳಿಕೆ ಇರಬಹುದೆಂದು ಮಗುವಿಗೆ ಹೊಳೆಯುವುದು ಯಾವಾಗ? ಆಸ್ಟ್ರಿಯಾದ ಹೈನ್ಸ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ 1983ರಲ್ಲಿ ಇದಕ್ಕಾಗಿ ಒಂದು ಕಥೆ ಹೆಣೆದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋದ. ಅವನಿಲ್ಲದಾಗ ತಾಯಿ ಅದನ್ನು ಬೇರೆ ಕಪಾಟಿನಲ್ಲಿಟ್ಟಳು. ಹುಡುಗ ಮರಳಿ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಎರಡನೆಯ ಕಪಾಟನ್ನು ತೋರಿಸುತ್ತದೆ. ತನಗೆ ಗೊತ್ತಿರುವುದು ಅವನಿಗೂ ಗೊತ್ತೆಂದು ಅದರ ನಂಬಿಕೆ. ನಾಲ್ಕು ದಾಟಿ ಐದರ ಕಡೆಗೆ ಸಾಗಿದಂತೆ ಉತ್ತರ ಬದಲಾಗುತ್ತದೆ.

ಈ ಅರಿವು ಚಿಗುರುವಾಗ ಇನ್ನೊಂದು ವಿದ್ಯೆಯೂ ಜೊತೆಗೇ ಚಿಗುರುತ್ತದೆ, ಅದೇ ಸುಳ್ಳು. ಜೀವವಿಕಾಸದ ಸಿದ್ಧಾಂತದಿಂದ ಜಗತ್ಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್ ತನ್ನ ಚೊಚ್ಚಲ ಮಗ ಹುಟ್ಟಿದ 1839ರಿಂದ ಅವನ ನಡೆನುಡಿಗಳನ್ನು ದಿನಚರಿಯಲ್ಲಿ ಬರೆದಿಟ್ಟಿದ್ದ. ಮೂರು ತುಂಬದ ಆ ಬಾಲಕ ಒಮ್ಮೆ ಊಟದ ಕೋಣೆಯಿಂದ ಹೊರಬಂದಾಗ ಮುಂಗವಚವನ್ನು ಜಾಗರೂಕತೆಯಿಂದ ಸುತ್ತಿ ಹಿಡಿದಿದ್ದನಂತೆ. ಅದರಲ್ಲೇನಿದೆ ಎಂದರೆ ಏನೂ ಇಲ್ಲವೆಂದ. ತಂದೆಗೇ "ಹೋಗು" ಎಂದು ಅಪ್ಪಣೆ ಮಾಡಿದ. ಬಿಚ್ಚಿ ನೋಡಿದರೆ ಉಪ್ಪಿನಕಾಯಿಯ ರಸದ ಕಲೆ! ಇದೇ ಬಾಲಕ ಅದಕ್ಕೂ ಕೆಲವು ತಿಂಗಳ ಹಿಂದೆ ತನ್ನ ಕೊನೆಯ ತುಂಡು ತಿಂಡಿಯನ್ನು ತಂಗಿಗೆ ಕೊಟ್ಟು, ತಾನೆಷ್ಟು ಒಳ್ಳೆಯವನೆಂದು ತಾನೇ ಹೊಗಳಿಕೊಂಡಿದ್ದ.

ಬೆಣ್ಣೆ ಮೆತ್ತಿದ ಬಾಯಿಂದಲೇ ಇಲ್ಲವೆನ್ನುವ ಬಾಲಕೃಷ್ಣನನ್ನು ಕೀರ್ತನೆಗಳಲ್ಲಿ ಕೇಳಿ ಬೆಳೆದ ಕನ್ನಡಿಗರಿಗೆ ಈ ಮಗು ಹೊಸಬನಲ್ಲ. ಗೋಕುಲದ ಬೆಣ್ಣೆಗೂ ಡಾರ್ವಿನ್ನನ ಮನೆಯ ಉಪ್ಪಿನಕಾಯಿಗೂ ರುಚಿಯಲ್ಲಿ ವ್ಯತ್ಯಾಸವಿದ್ದೀತು. ಕಳ್ಳನ ಮುಖದಲ್ಲಿ ವ್ಯತ್ಯಾಸವಿಲ್ಲ. ಡಾರ್ವಿನ್ ಮಗನನ್ನು ಮಹಾಪರಾಧಿಯೆಂದು ಎಣಿಸಲಿಲ್ಲ. ಪ್ರೀತಿಯಿಂದಲೇ ಬೆಳೆಸಿದ ಆ ಮಗ ಬಹು ಬೇಗ ನಿರ್ವ್ಯಾಜನೂ ಸತ್ಯವಂತನೂ ಆದನೆಂದು ಬರೆದಿದ್ದಾನೆ.

ಇನ್ನು ಸಾಲ ಕೇಳಲು ಬಂದವರಿಗೆ "ಅಪ್ಪ ಮನೆಯಲ್ಲಿಲ್ಲ ಎಂದು ಹೇಳು" ಎಂದು ಕಳಿಸಿದಾಗ, "ಅಪ್ಪ ಮನೆಯಲ್ಲಿಲ್ಲ ಎಂದು ಅಪ್ಪ ಹೇಳಿದರು" ಎಂದು ಚಾಚೂ ತಪ್ಪದೆ ಒಪ್ಪಿಸಿಬರುವ ಮಗುವಿನ ಕಥೆ ಹಳೆಯದು. ಅದಕ್ಕೆ ನಗುವವರು ಸುಳ್ಳನ್ನು ಕಲಿಸಹೊರಟವರು ಯಾರೆಂಬುದನ್ನು ಮರೆಯಬಾರದು.

ನಗೆಯ ಬೆಲೆ

ಹಾಗಾದರೆ ಮಕ್ಕಳ ಮಾತಿಗೆ ನಗಲೇಬಾರದೆ? ನಗದಿರಲು ಕಲ್ಲಿನ ಎದೆ ಬೇಕು. ಆದರೆ ನಗೆಯಲ್ಲಿ ಎರಡು ಬಗೆ. ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ನಗುವುದು ಒಂದು. ಅದನ್ನು ನಡುವೆ ನಿಲ್ಲಿಸಿ ಸುತ್ತ ನಿಂತು ನಗುವುದು ಇನ್ನೊಂದು. "ಆಂಟಿಗೆ ಇನ್ನೊಂದು ಸಲ ಹೇಳು" ಎಂದು ಬಲವಂತ ಮಾಡಿದಾಗ ಮಗು ಬಾಯಿಗೆ ಬೆರಳಿಟ್ಟು ಕಂಬದಂತೆ ನಿಲ್ಲುವುದನ್ನು ಕಾಣದವರಿಲ್ಲ. ತಾನು ನಿಜವೆಂದು ಹೇಳಿದ ಮಾತು ವಿನೋದವಾಗಿ ಮಾರಾಟವಾಗುತ್ತಿದೆಯೆಂದು ಅದಕ್ಕೆ ಹೇಗೋ ತಿಳಿಯುತ್ತದೆ. ಮತ್ತೊಮ್ಮೆ ಸಂದೇಹ ಬಂದಾಗ ಕೇಳಲೋ ಬೇಡವೋ ಎಂದು ಅದು ಹಿಂದುಮುಂದು ನೋಡುತ್ತದೆ.

ಹಿಂದೆ ಈ ಪ್ರದರ್ಶನ ನಡುಮನೆಗೆ ಬಂದ ನಾಲ್ವರ ಮುಂದೆ ಮುಗಿಯುತ್ತಿತ್ತು. ಈಗ ಕೈಯೊಳಗಿನ ಮೊಬೈಲು ಅದನ್ನು ಗಳಿಗೆಯೊಳಗೆ ಊರಿಗೆಲ್ಲ ಹಂಚಬಲ್ಲದು. ಅಳುವ ಕೂಸಿನ ಕಣ್ಣೀರು ಒರೆಸುವ ಮೊದಲು ಚಿತ್ರ ತೆಗೆಯುವ ಕೈಗಳೂ ಉಂಟು. ಆ ಕೂಸು ಹದಿನೈದಾದಾಗ ಅದನ್ನು ಕಂಡು ನಗುವುದೋ, ನಾಚುವುದೋ, ನೋಯುವುದೋ ಯಾರು ಬಲ್ಲರು? ಡಾರ್ವಿನ್ ತನ್ನ ದಿನಚರಿಯ ಟಿಪ್ಪಣಿಗಳನ್ನು ಅಚ್ಚಿಗೆ ಕೊಟ್ಟದ್ದು 1877ರಲ್ಲಿ. ಮಗನಿಗೆ ಅಷ್ಟರಲ್ಲಿ ಮೂವತ್ತೇಳು ವರ್ಷ.

ಅದಕ್ಕಿಂತ ಸುಲಭವಾದ ದಾರಿ ಒಂದಿದೆ. ಎರಡು ಕೊಪ್ಪೆಯ ಸಾಧಾರಣ ನೋಟುಪುಸ್ತಕ ಸಾಕು. ಮಗು ಆಡಿದ ಮಾತು, ಅಂದಿನ ತಾರೀಖು, ಅದರ ವಯಸ್ಸು, ಇಷ್ಟನ್ನು ಬರೆದಿಟ್ಟರಾಯಿತು. ಬರೆಯದೆ ಬಿಟ್ಟರೆ ಉಳಿಯದು. 'ಕೊಡಿದೆ' ಎನ್ನುತ್ತಿದ್ದ ಕೂಸು ಒಂದು ದಿನ ಯಾರಿಗೂ ಹೇಳದೆ 'ಕೊಟ್ಟೆ' ಎನ್ನತೊಡಗುತ್ತದೆ. ಆ ದಿನ ಯಾವುದೆಂದು ತಾಯಿಯೂ ಗುರುತಿಸಲಾರಳು.

ಬರೆದಿಡುವುದರ ಜೊತೆಗೆ ಉತ್ತರವನ್ನೂ ಕೊಡಬೇಕು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಮೊದಲು ವಕೀಲರಾಗಿದ್ದವರು. ಮಕ್ಕಳನ್ನು ಭಯದಿಂದ ಕಲಿಸಬಾರದು, ಗೌರವದಿಂದ ಕಾಣಬೇಕು ಎಂದು ಸಾರಿದ ಅವರು ಮಕ್ಕಳ ಪರವಾಗಿ ಜೀವಮಾನವೆಲ್ಲ ವಾದ ಮಾಡಿದರೆನ್ನಬಹುದು. ಮಗುವಿನ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದೂ ಆ ಗೌರವದ ಒಂದು ಭಾಗ.

ಜೊತೆಗೆ ಬಂದ ಚಂದ್ರ

ಮೈಸೂರಿನಿಂದ ಬೆಂಗಳೂರಿಗೆ ಹೊರಟ ರಾತ್ರಿಯ ಬಸ್ಸು. ಕಿಟಕಿಗೆ ಮೂಗು ಒತ್ತಿ ಕುಳಿತ ಹುಡುಗಿ "ಅಪ್ಪಾ, ಚಂದ್ರ ನಮ್ಮ ಜೊತೆಗೇ ಬರುತ್ತಿದ್ದಾನೆ" ಎನ್ನುತ್ತಾಳೆ. ಲೋಕದ ಮಕ್ಕಳೆಲ್ಲ ಕಂಡುಹಿಡಿಯುವ ಸತ್ಯವಿದು. ಪಿಯಾಜೆ 1926ರ ತನ್ನ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. "ಹುಚ್ಚಿ" ಎಂದು ನಕ್ಕುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು.

ಆದರೆ ತಂದೆ ಕಿಟಕಿಯ ಹೊರಗೆ ಕೈ ತೋರಿಸಿ, "ಹತ್ತಿರದ ಮರ ಹೇಗೆ ಓಡುತ್ತಿದೆ?" ಎಂದು ಕೇಳುತ್ತಾನೆ. "ಜೋರಾಗಿ." "ದೂರದ ಆ ದೀಪ?" "ಮೆಲ್ಲಗೆ." "ಅದಕ್ಕಿಂತಲೂ ಬಹಳ ಬಹಳ ದೂರ ಇರುವುದು?" ಹುಡುಗಿ ಯೋಚಿಸುತ್ತಾಳೆ. ಚಂದ್ರನಿರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಬಸ್ಸು ಕ್ರಮಿಸುವುದು ನೂರೈವತ್ತರೊಳಗೆ. ಅಷ್ಟು ದೂರದ ವಸ್ತು ಕಿಟಕಿಯಲ್ಲಿ ಕದಲಿದಂತೆ ಕಾಣುವುದೇ ಇಲ್ಲ; ಆದುದರಿಂದ ಜೊತೆಗೇ ಬಂದಂತೆ ತೋರುತ್ತದೆ. ಅಂಕಿಗಳು ಅವಳಿಗೆ ಇಂದು ಅರ್ಥವಾಗದಿರಬಹುದು. ತನ್ನ ಮಾತನ್ನು ಅಪ್ಪ ಕಿವಿಗೊಟ್ಟು ಕೇಳಿದನೆಂಬುದು ಅರ್ಥವಾಗುತ್ತದೆ.

ಬಸ್ಸು ಮಂಡ್ಯ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಆವರಿಸುತ್ತದೆ. ಕಣ್ಣು ಮುಚ್ಚುವ ಮೊದಲು ಒಂದು ಸಂದೇಹ ಉಳಿದಿರುತ್ತದೆ: "ಚಂದ್ರ ನಮ್ಮ ಜೊತೆ ಬಂದುಬಿಟ್ಟರೆ ಅಜ್ಜಿಗೆ ಕತ್ತಲೆಯಾಗುವುದಿಲ್ಲವೆ?"

ತಂದೆ ನಗುತ್ತಾನೆ. ಮನೆಗೆ ಬಂದೊಡನೆ ನೋಟುಪುಸ್ತಕ ತೆಗೆದು ತಾರೀಖಿನೊಡನೆ ಅದನ್ನು ಬರೆದಿಡುತ್ತಾನೆ.