ಆರ್ಫಿಯಸ್‌ನ ಸಾವು: ಕೆತ್ತನೆಗಾರನ ಒಂದು ಹಾಳೆ

ಜರ್ಮನಿಯ ಹ್ಯಾಂಬರ್ಗ್ ನಗರದ ಕುನ್ಸ್ಟ್‌ಹಾಲೆ ಕಲಾಸಂಗ್ರಹಾಲಯದಲ್ಲಿ ಒಂದು ಮಸಿಯ ಚಿತ್ರವಿದೆ. ಉದ್ದ ಸುಮಾರು 29 ಸೆಂಟಿಮೀಟರ್, ಅಗಲ 22. ಬರೆದವನು ನ್ಯೂರೆಂಬರ್ಗಿನ ಅಕ್ಕಸಾಲಿಗನ ಮಗ ಆಲ್ಬ್ರೆಕ್ಟ್ ಡ್ಯೂರರ್. ಹಾಳೆಯ ಮೇಲಿರುವ ಇಸವಿ 1494. ಆಗ ಅವನಿಗೆ ಇಪ್ಪತ್ಮೂರರ ವಯಸ್ಸು.

ವಿಷಯ ಗ್ರೀಕ್ ಪುರಾಣದ್ದು. ಹಾಡಿನಿಂದ ಕಲ್ಲು ಮರಗಳನ್ನೂ ಕರಗಿಸುತ್ತಿದ್ದ ಆರ್ಫಿಯಸ್, ಸತ್ತ ಹೆಂಡತಿ ಯೂರಿಡಿಸಿಯನ್ನು ಪಾತಾಳದಿಂದ ಕರೆತರುವಾಗ ಹಿಂತಿರುಗಿ ನೋಡಿ ಅವಳನ್ನು ಮತ್ತೆ ಕಳೆದುಕೊಂಡ. ಆಮೇಲೆ ಅವನು ಹೆಂಗಸರತ್ತ ತಿರುಗಿ ನೋಡಲಿಲ್ಲ, ಹುಡುಗರನ್ನು ಒಲಿದ ಎನ್ನುತ್ತಾನೆ ರೋಮಿನ ಕವಿ ಆವಿಡ್. ಇದನ್ನು ಅವಮಾನವೆಂದು ಬಗೆದ ಥ್ರೇಸಿನ ಹೆಂಗಸರು ಅವನ ಮೇಲೆ ಬಿದ್ದರು. ಮೊದಲು ಎಸೆದ ಕಲ್ಲುಗಳು ಹಾಡಿಗೆ ಸೋತು ಅವನ ಪಾದದ ಬಳಿಯೇ ಉರುಳಿದವಂತೆ. ಕೊನೆಗೆ ತಮಟೆ, ಕೊಂಬುಗಳ ಗದ್ದಲದಲ್ಲಿ ಹಾಡು ಕೇಳಿಸದಾಯಿತು, ಕಲ್ಲು ತಾಗಿತು.

ಡ್ಯೂರರ್ ಹಿಡಿದಿರುವುದು ಆ ಗಳಿಗೆಯನ್ನು. ಎರಡೂ ಕಡೆ ದೊಣ್ಣೆ ಎತ್ತಿದ ಹೆಂಗಸರು. ನಡುವೆ ಮೊಣಕಾಲೂರಿದ ಆರ್ಫಿಯಸ್. ಒಂದು ಕೈ ನೆಲಕ್ಕೆ, ಇನ್ನೊಂದು ತಲೆಗೆ ಅಡ್ಡ. ವಾದ್ಯ ನೆಲದಲ್ಲಿ ಬಿದ್ದಿದೆ. ಪುಟ್ಟ ಮಗುವೊಂದು ಓಡುತ್ತಿದೆ. ಮೇಲೆ ಮರದಲ್ಲಿ ಒಂದು ಪಟ್ಟಿ. ಅದರಲ್ಲಿ ಆರ್ಫಿಯಸ್‌ನನ್ನು ಮೊದಲ ಪುರುಷಕಾಮಿ ಎಂದು ಆ ಕಾಲದ ಬೈಗುಳದಲ್ಲಿ ಬರೆದಿದೆ. ಇದು ಬರಿಯ ಕುಚೋದ್ಯವಲ್ಲ. ಅಂದಿನ ಜರ್ಮನ್ ನಾಡಿನಲ್ಲಿ ಈ ಆರೋಪ ಜೀವಕ್ಕೇ ಎರವಾಗುವಂಥದು. 1532ರ ಸಾಮ್ರಾಜ್ಯದ ದಂಡಸಂಹಿತೆ ಅದಕ್ಕೆ ಸುಡುವ ಶಿಕ್ಷೆಯನ್ನೇ ವಿಧಿಸಿತು. ಆದರೆ ಪಟ್ಟಿಯನ್ನು ಓದಿ ಕಣ್ಣು ಕೆಳಗಿಳಿಸಿದರೆ ಕಾಣುವುದು ಅಪರಾಧಿಯಲ್ಲ, ಏಟಿಗೆ ಕೈ ಅಡ್ಡ ಹಿಡಿದ ಮನುಷ್ಯ. ಅಕ್ಷರ ಒಂದು ಹೇಳುತ್ತದೆ, ಗೆರೆ ಇನ್ನೊಂದು. ನನಗಂತೂ ಗೆರೆಯೇ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ.

ಭಂಗಿಗಳು ಡ್ಯೂರರ್‌ನ ಸ್ವಂತದ್ದಲ್ಲ. ಉತ್ತರ ಇಟಲಿಯ ಹೆಸರು ತಿಳಿಯದ ಕೆತ್ತನೆಗಾರನ ಅಚ್ಚುಚಿತ್ರವೊಂದನ್ನು ಅವನು ಆಧರಿಸಿದ್ದ. ಅದರ ಉಳಿದಿರುವ ಒಂದೇ ಪ್ರತಿ ಇರುವುದೂ ಹ್ಯಾಂಬರ್ಗಿನಲ್ಲೇ. ಅದೇ ವರ್ಷ ಮಾಂಟೆನ್ಯಾನ ಅಚ್ಚುಚಿತ್ರಗಳನ್ನೂ ಅವನು ನಕಲು ಮಾಡಿದ. ತಾಮ್ರದ ಫಲಕದಲ್ಲಿ ಬಣ್ಣವಿಲ್ಲ. ನೆರಳು, ಮಾಂಸಖಂಡ, ಎಲೆ ಎಲ್ಲವೂ ಗೆರೆಯಿಂದಲೇ ಮೂಡಬೇಕು. ಉಳಿ ಜಾರಿದರೆ ತಿದ್ದುವುದು ಕಷ್ಟ. ಆದ್ದರಿಂದ ಕೆತ್ತನೆಗಾರ ಮೊದಲು ಕಾಗದದ ಮೇಲೆ ಕೈ ಪಳಗಿಸಿಕೊಳ್ಳುತ್ತಾನೆ. ಈ ಹಾಳೆಯಲ್ಲೂ ಮೈಯ ಉಬ್ಬುತಗ್ಗನ್ನು ಅನುಸರಿಸಿ ಬಾಗುವ ಸಾಲುಗೆರೆಗಳನ್ನು ನೋಡಬಹುದು.

ಈ ಸಿದ್ಧತೆ ವ್ಯರ್ಥವಾಗಲಿಲ್ಲ. ಸುಮಾರು 1498ರಲ್ಲಿ ಡ್ಯೂರರ್ ಹರ್ಕ್ಯುಲಿಸ್‌ನ ಒಂದು ದೊಡ್ಡ ತಾಮ್ರಕೆತ್ತನೆ ಮಾಡಿದಾಗ ದೊಣ್ಣೆ ಎತ್ತಿದ ಹೆಂಗಸೂ ಓಡುವ ಮಗುವೂ ಮತ್ತೆ ಬಂದರು. 1905ರಲ್ಲಿ ಕಲಾ ಇತಿಹಾಸಕಾರ ಆಬಿ ವಾರ್ಬುರ್ಗ್ ಹ್ಯಾಂಬರ್ಗಿನಲ್ಲಿ ಮಾಡಿದ ಉಪನ್ಯಾಸಕ್ಕೆ ಆರ್ಫಿಯಸ್‌ನ ಈ ಚಿತ್ರವೇ ಆಧಾರ. ತೀವ್ರ ಭಾವವನ್ನು ತೋರುವ ಮೈಭಂಗಿಗಳು ಪ್ರಾಚೀನ ಗ್ರೀಸಿನಿಂದ ಕೈಯಿಂದ ಕೈಗೆ ದಾಟಿಬಂದವು ಎಂದು ಅವನು ವಾದಿಸಿದ.

ಹರ್ಕ್ಯುಲಿಸ್‌ನ ಕೆತ್ತನೆಯಲ್ಲಿ ಆರ್ಫಿಯಸ್ ಇಲ್ಲ. ಅಲ್ಲಿ ಆ ದೊಣ್ಣೆ ಎತ್ತಿರುವುದು ಅರೆಮೇಕೆಯ ಮೈಯ ಸಾಟಿರ್‌ನ ಜೊತೆ ಒರಗಿದ ಬೆತ್ತಲೆ ಹೆಂಗಸಿನ ಮೇಲೆ. ಮರದ ಕಾಂಡ ಹಿಡಿದು ನಿಂತ ಹರ್ಕ್ಯುಲಿಸ್ ಹೊಡೆಯುವವಳಿಗೆ ನೆರವಾಗುತ್ತಿದ್ದಾನೋ, ಏಟನ್ನು ತಡೆಯುತ್ತಿದ್ದಾನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.